ಹಳೆಯ ವರ್ಕ್‌ಶಾಪನ್ನು ಹವ್ಯಾಸದ ಗ್ಯಾರೇಜೂ ಚಾವಡಿಯೂ ಆಗಿ ಮಾಡುವುದು: ಯಾವ ಕೆಲಸ ಮೊದಲು?

ಪ್ರಶ್ನೆ: ಬದಿಯಡ್ಕದಿಂದ

ನಮ್ಮ ದೊಡ್ಡಪ್ಪನವರು ಜೀಪು ಮತ್ತು ಪಂಪ್‌ಸೆಟ್ಟುಗಳನ್ನು ರಿಪೇರಿ ಮಾಡುತ್ತಿದ್ದ ಕಟ್ಟಡವೊಂದು ಹಲವು ವರ್ಷಗಳಿಂದ ಬಾಗಿಲು ಹಾಕಿಕೊಂಡು ನಿಂತಿದ್ದು, ಪಾಲಿನಲ್ಲಿ ಈಗ ನನಗೆ ಬಂದಿದೆ. ಗೋಡೆಗಳು ಮುರಕಲ್ಲಿನವು (ಜಂಬಿಟ್ಟಿಗೆ). ಮುಖ್ಯ ಮಾಡಿಗೆ ಮಂಗಳೂರು ಹಂಚು, ಹಿಂಬದಿಯ ಇಳಿಮಾಡಿಗೆ ಹಳೆಯ ಸಿಮೆಂಟ್ ಶೀಟು. ನಡುವೆ, ವಾಹನದ ಅಡಿಗೆ ಇಳಿದು ಕೆಲಸ ಮಾಡಲು ತೋಡಿದ ಆಳೆತ್ತರದ ಗುಂಡಿಯೊಂದಿದೆ. ನೆಲವಿಡೀ ಆಯಿಲ್ ಕುಡಿದು ಕಪ್ಪಾಗಿದೆ.

ವ್ಯಾಪಾರಕ್ಕಾಗಿ ಅದನ್ನು ತೆರೆಯುವ ಉದ್ದೇಶ ನನಗಿಲ್ಲ. ನನ್ನಲ್ಲಿರುವ ಎರಡು ಯೆಜ್ಡಿ ಬೈಕುಗಳನ್ನೂ ದೊಡ್ಡಪ್ಪನವರ ಜೀಪನ್ನೂ ಬಿಚ್ಚಿ ಸರಿಪಡಿಸಲು ಜಾಗ ಬೇಕು, ಜೊತೆಗೆ ಸಂಜೆ ಹೊತ್ತು ನಾಲ್ಕಾರು ಮಂದಿ ಸ್ನೇಹಿತರು ಕುಳಿತು ಚಹಾ ಕುಡಿಯುತ್ತಾ ಕೇರಂ ಆಡಲು ಒಂದು ಚಾವಡಿ ಬೇಕು. ಹಂಚು ತೆಗೆದು ಇಡೀ ಮಾಡಿಗೆ ಲೋಹದ ಶೀಟು ಹೊದೆಸಿ, ನೆಲಕ್ಕೆ ಎಪಾಕ್ಸಿ (ಗಟ್ಟಿಯಾಗುವ ರಾಳದ ಲೇಪ) ಬಳಿದು, ಗುಂಡಿಯನ್ನು ಹಾಗೆಯೇ ಉಳಿಸಿಕೊಳ್ಳುವುದೆಂದು ಯೋಚಿಸಿದ್ದೇನೆ. ಅನುಭವವಿದ್ದವರು ಇದರಲ್ಲಿ ಸರಿ ತಪ್ಪುಗಳನ್ನು ತಿಳಿಸಬೇಕಾಗಿ ವಿನಂತಿ.

ಉತ್ತರ: ಮುಳ್ಳೇರಿಯದ ಮೇಸ್ತ್ರಿ

ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಅದರ ಬಹುಪಾಲನ್ನು ಜೂನಿನಿಂದ ಸೆಪ್ಟೆಂಬರಿನೊಳಗೆ ಪಡೆಯುವ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಯಾವ ಹಳೆಯ ಕಟ್ಟಡದ ಕೆಲಸವೂ ಮಾಡಿನಿಂದಲೇ ಆರಂಭವಾಗಬೇಕು. ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದೊಳಗೆ, ಮಾಡು ಮುಗಿದಿರದಿದ್ದರೆ ಒಳಗಿನ ಯಾವ ಕೆಲಸಕ್ಕೂ ಆ ವರ್ಷ ಕೈ ಹಾಕದಿರುವುದು ಲೇಸು.

ಹಂಚನ್ನು ದಯವಿಟ್ಟು ತೆಗೆಯಬೇಡಿ. ಲೋಹದ ಶೀಟಿನ ಅಡಿಯಲ್ಲಿ ಎಪ್ರಿಲ್ ಮಧ್ಯಾಹ್ನ ಕೆಲಸ ಮಾಡಲಾಗದು, ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಎದುರು ಕುಳಿತವರ ಮಾತು ಕೇಳಿಸದು. ಕುಳಿತು ಹರಟುವ ಜಾಗಕ್ಕೆ ಅದು ಹೊಂದುವುದೇ ಇಲ್ಲ. ಹಂಚುಗಳನ್ನು ಇಳಿಸಿ, ತೊಳೆದು, ಪಕ್ಕಾಸು ಮತ್ತು ರೀಪುಗಳನ್ನು (ಹಂಚನ್ನು ಹೊರುವ ಮರದ ತೊಲೆ, ಪಟ್ಟಿಗಳನ್ನು) ಸ್ಕ್ರೂಡ್ರೈವರಿನಿಂದ ಒತ್ತಿ ಚುಚ್ಚಿ ಪರೀಕ್ಷಿಸಿ. ಹೊರಗೆ ಬಣ್ಣ ಚೆನ್ನಾಗಿಯೇ ಇದ್ದು ಒಳಗೆ ಒರಲೆ ತಿಂದು ಹಿಟ್ಟಾದ ರೀಪುಗಳು ಹೀಗೆಯೇ ಪತ್ತೆಯಾಗುತ್ತವೆ. ಒಡೆದ ಹಂಚುಗಳ ಬದಲಿಗೆ ತರುವಾಗ ಹಂಚಿನ ಮೇಲಿರುವ ಕಾರ್ಖಾನೆಯ ಮುದ್ರೆಯನ್ನು ನೋಡಿ, ಸಾಧ್ಯವಾದಷ್ಟು ಅದೇ ಕಾರ್ಖಾನೆಯದನ್ನು ಕೆಡವಿದ ಹಳೆಯ ಮನೆಗಳಿಂದ ಸಂಪಾದಿಸಿ. ಒಂದು ಕಾರ್ಖಾನೆಯ ಹಂಚಿನ ಕಚ್ಚು ಇನ್ನೊಂದರದ್ದಕ್ಕೆ ಸರಿಯಾಗಿ ಕೂರದೆ, ಗಾಳಿ ಮಳೆಗೆ ಅಲ್ಲಿಯೇ ಸೋರುತ್ತದೆ. ಕೆಲಸದ ಮೇಜಿನ ಮೇಲೆ ಒಂದೆರಡು ಗಾಜಿನ ಹಂಚುಗಳನ್ನು ಕೂರಿಸಿದರೆ ಹಗಲಿನಲ್ಲಿ ದೀಪ ಬೇಕಾಗದು.

ಹಿಂಬದಿಯ ಸಿಮೆಂಟ್ ಶೀಟಿನ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ಆ ಕಾಲದ ಶೀಟುಗಳಲ್ಲಿ ಆಸ್ಬೆಸ್ಟಾಸ್ ನಾರು ಇರುವುದೇ ಹೆಚ್ಚು, ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಬಹಳ ವರ್ಷಗಳ ಮೇಲೆ ಮಾರಕ ಕಾಯಿಲೆಗಳನ್ನು ತರುತ್ತದೆ. ಅದನ್ನು ಗ್ರೈಂಡರಿನಲ್ಲಿ ಕೊಯ್ಯುವುದು, ತೂತು ಕೊರೆಯುವುದು, ಒಣ ಬ್ರಷ್ಷಿನಿಂದ ಉಜ್ಜುವುದು, ಮೇಲಿನಿಂದ ಎಸೆದು ಪುಡಿ ಮಾಡುವುದು ಯಾವುದೂ ಕೂಡದು. ಚೆನ್ನಾಗಿ ನೀರು ಸಿಂಪಡಿಸಿ, ತಕ್ಕ ಮಾಸ್ಕ್ ಧರಿಸಿ, ಬೋಲ್ಟು ಬಿಚ್ಚಿ ಇಡಿಯಾಗಿಯೇ ಇಳಿಸಬೇಕು.

ಗೋಡೆಯ ಹೊರಗೆ ಮಣ್ಣು ಏರಿ ಒಳಗಿನ ನೆಲಕ್ಕಿಂತ ಎತ್ತರವಾಗಿದ್ದರೆ ಅದನ್ನು ತಗ್ಗಿಸಿ ಚರಂಡಿ ಕೊಡಿ. ಮುರಕಲ್ಲು ನೀರು ಕುಡಿಯುವ ಕಲ್ಲು. ಬುಡದಿಂದ ಏರಿದ ತೇವಕ್ಕೆ ಹೊರಹೋಗಲು ದಾರಿಯಿಲ್ಲದಂತೆ ಗಟ್ಟಿ ಸಿಮೆಂಟ್ ಗಾರೆ ಮೆತ್ತಿದರೆ ಅದು ಇನ್ನೂ ಮೇಲೇರುತ್ತದೆ, ಗಾರೆ ಉಬ್ಬಿ ಉದುರುತ್ತದೆ. ಸುಣ್ಣದ ಗಾರೆ ಸಾಕು. ಇನ್ನೊಂದು ಮಾತು: ಜೀಪಿನ ಎಂಜಿನ್ ಎತ್ತಲು ಚೈನ್ ಬ್ಲಾಕನ್ನು ಹಳೆಯ ಜಂತಿಗೆ ನೇತುಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಆ ಮರ ಹಂಚಿನ ಭಾರಕ್ಕೆಂದು ಇಟ್ಟದ್ದು. ನೆಲದ ಮೇಲೆ ನಿಲ್ಲುವ ಕಬ್ಬಿಣದ ಚೌಕಟ್ಟನ್ನೇ ಮಾಡಿಸಿಕೊಳ್ಳಿ.

ಉತ್ತರ: ಪೆರ್ಲದ ಹಳೆ ಬೈಕಿನವ

ಮೇಸ್ತ್ರಿಯವರು ಮಾಡಿನ ವಿಷಯ ಹೇಳಿದ್ದಾರೆ; ನಾನು ಗುಂಡಿಯ ವಿಷಯ ಹೇಳುತ್ತೇನೆ, ಏಕೆಂದರೆ ನಿಮ್ಮ ಯೋಜನೆಯಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಅದೊಂದೇ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದರಿಂದ ನೆಲದುದ್ದಕ್ಕೂ ಹರಿದು ತಗ್ಗಿನಲ್ಲಿ ಸೇರುತ್ತದೆ. ಕಾರ್ಬ್ಯುರೇಟರ್ ಬಿಚ್ಚಿದ ಬೈಕೊಂದು ಗುಂಡಿಯ ಪಕ್ಕದಲ್ಲಿದ್ದು, ಹತ್ತು ಹೆಜ್ಜೆಯಾಚೆ ಸ್ನೇಹಿತರೊಬ್ಬರು ಬೀಡಿ ಹಚ್ಚುತ್ತಾರೆ ಅಥವಾ ಚಹಾದ ಸ್ಟವ್ ಉರಿಯುತ್ತಿದೆ ಎಂದುಕೊಳ್ಳಿ. ನಿತ್ಯ ವ್ಯಾಪಾರದ ವರ್ಕ್‌ಶಾಪಿನಲ್ಲಿ ಬಾಗಿಲು ಇಡೀ ದಿನ ತೆರೆದಿರುತ್ತಿತ್ತು, ಗಾಳಿಯಾಡುತ್ತಿತ್ತು. ಹವ್ಯಾಸದ ಗ್ಯಾರೇಜು ವಾರಗಟ್ಟಲೆ ಮುಚ್ಚಿರುತ್ತದೆ. ಸಾಲದ್ದಕ್ಕೆ ಆಟಿ ತಿಂಗಳಲ್ಲಿ ಅಂಥ ಗುಂಡಿಯೊಳಗೆ ಒರತೆ ಏಳುವುದು ನಮ್ಮ ಕಡೆ ಸಾಮಾನ್ಯ. ಮುರಕಲ್ಲಿನ ಚೂರು ತುಂಬಿಸಿ, ಪದರ ಪದರವಾಗಿ ದಮ್ಮಸು ಹಾಕಿ (ಬಡಿದು ಗಟ್ಟಿ ಮಾಡಿ), ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಕಬ್ಬಿಣದ ಜಾಲರಿಯೊಂದಿಗೆ ಕಾಂಕ್ರೀಟ್ ಹಾಕಿಸಿಬಿಡಿ. ಜೀಪಿನಡಿಯ ಕೆಲಸಕ್ಕೆ ಗಟ್ಟಿಯಾದ ಸ್ಟ್ಯಾಂಡುಗಳು ಸಾಕು. ಜ್ಯಾಕನ್ನೇ ನಂಬಿ ಅಡಿಗೆ ಮಾತ್ರ ಹೋಗಬೇಡಿ.

ಚಾವಡಿಗೂ ಗ್ಯಾರೇಜಿಗೂ ನಡುವೆ ಮಾಡಿನವರೆಗೆ ಏರಿದ ಗೋಡೆ ಇರಲಿ, ಚಾವಡಿಯ ಬಾಗಿಲು ಹೊರಗಿನಿಂದಲೇ ಇರಲಿ. ಅರ್ಧ ಗೋಡೆ ಕಟ್ಟಿ, ಕುಳಿತಲ್ಲಿಂದಲೇ ಬೈಕು ನೋಡುವ ಏರ್ಪಾಡು ಚಿತ್ರಗಳಲ್ಲಿ ಚಂದ. ಯೆಜ್ಡಿಯ ಟೂ ಸ್ಟ್ರೋಕ್ ಹೊಗೆ ಕುಡಿದವರು ಎರಡನೆಯ ದಿನ ಬರುವುದಿಲ್ಲ. ನೋಡಲೇಬೇಕೆಂದಿದ್ದರೆ ತೆರೆಯಲಾಗದ ಗಾಜಿನ ಕಿಟಕಿ ಇಡಿಸಿ. ಎಂಜಿನ್ನನ್ನು ಸ್ಟಾರ್ಟ್ ಮಾಡಿ ನೋಡುವುದು ಅಂಗಳದಲ್ಲಿ ಮಾತ್ರ, ಏಕೆಂದರೆ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ. ಪೆಟ್ರೋಲಿಯಂ ಕಾಯಿದೆಯ ಪ್ರಕಾರ, ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದಾದ ಗರಿಷ್ಠ ಪ್ರಮಾಣ 30 ಲೀಟರ್. ಹವ್ಯಾಸಕ್ಕೆ ಐದು ಲೀಟರೂ ಹೆಚ್ಚೇ.

ಯೆಜ್ಡಿ ಇಟ್ಟುಕೊಂಡವರಾದುದರಿಂದ ಇದನ್ನೂ ಹೇಳಬೇಕು. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಮೂಲ ಬಿಡಿಭಾಗಗಳಿಗಾಗಿ ಅಲೆಯುವುದು, ಕಾಯುವುದು ನಮ್ಮ ಹಣೆಬರಹ. ಅಷ್ಟು ಕಾಲ ಬೈಕು ಬಿಚ್ಚಿದ ಸ್ಥಿತಿಯಲ್ಲಿಯೇ ಇರುತ್ತದೆ. ಆದುದರಿಂದ ನಿಮ್ಮ ಲೆಕ್ಕಕ್ಕಿಂತ ದುಪ್ಪಟ್ಟು ಕಪಾಟುಗಳಿಗೆ ಜಾಗ ಬಿಡಿ. ಮಳೆಗಾಲದ ತುಕ್ಕಿಗೆ ಉಪಕರಣಗಳನ್ನು ಆಯಿಲ್ ಸವರಿ ಬಾಗಿಲಿರುವ ಕಪಾಟಿನಲ್ಲಿಡಿ. ತೋಟಕ್ಕೆ ಬಿಡುವ ಮೈಲುತುತ್ತಿನ ಚೀಲವನ್ನು ಮಾತ್ರ ಈ ಕಟ್ಟಡದೊಳಗೆ ತರಗೊಡಬೇಡಿ. ತೇವದ ಗಾಳಿಯಲ್ಲಿ ಅದು ಸೋಂಕಿದ ಕಬ್ಬಿಣ ಉಳಿಯುವುದಿಲ್ಲ.

ಉತ್ತರ: ಉಪ್ಪಳದ ವಯರಿಂಗ್ ಕೆಲಸಗಾರ

ಹಳೆಯ ವಯರಿಂಗನ್ನು ಪೂರ್ತಿ ಕಿತ್ತು ಹೊಸದಾಗಿ ಮಾಡಿಸಿ, ಅದರಲ್ಲಿ ಉಳಿತಾಯ ಬೇಡ. ಚಾವಡಿಗೆ, ಕೆಲಸದ ಮೇಜಿಗೆ, ವೆಲ್ಡಿಂಗ್ ಯಂತ್ರಕ್ಕೆ ಬೇರೆ ಬೇರೆ ಸರ್ಕ್ಯೂಟ್ ಮತ್ತು ಎಂಸಿಬಿ (ಹೊರೆ ಮಿತಿಮೀರಿದರೆ ತಾನೇ ಕಡಿಯುವ ಸ್ವಿಚ್ಚು), ಇಡೀ ಕಟ್ಟಡಕ್ಕೆ, ವಿದ್ಯುತ್ ಸೋರಿದರೆ ತಕ್ಷಣ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಹೊಸ ಅರ್ಥಿಂಗ್ ಇರಬೇಕು. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಗ್ರೈಂಡರ್ ಹಿಡಿಯುವ ಊರು ನಮ್ಮದು. ಮೇಲೆ ಹೇಳಿದ ಆವಿಯ ಕಾರಣಕ್ಕೆ ಗ್ಯಾರೇಜಿನ ಪ್ಲಗ್ಗುಗಳು ಮೇಜಿಗಿಂತ ಎತ್ತರದಲ್ಲಿರಲಿ.

ಹಳೆಯ ಕನೆಕ್ಷನ್ ಕೈಗಾರಿಕೆಯ ದರದಲ್ಲಿಯೇ ಇರಬಹುದು. ಉಪಯೋಗ ಬದಲಾದುದನ್ನು ವಿದ್ಯುತ್ ಮಂಡಳಿಯ ಸೆಕ್ಷನ್ ಆಫೀಸಿಗೆ ತಿಳಿಸಿ ದರದ ವರ್ಗವನ್ನು ಬದಲಾಯಿಸಿಕೊಳ್ಳಿ. ಪಂಚಾಯತಿನಲ್ಲಿಯೂ ಕಟ್ಟಡ ಯಾವ ಉಪಯೋಗಕ್ಕೆ ದಾಖಲಾಗಿದೆಯೆಂದು ನೋಡಿ. 2019ರ ಕೇರಳ ಪಂಚಾಯತ್ ಕಟ್ಟಡ ನಿಯಮಗಳಲ್ಲಿ ಉಪಯೋಗದ ಬದಲಾವಣೆಯೂ ಪರಿಗಣನೆಗೆ ಬರುವ ವಿಷಯ, ಕೆಲಸಕ್ಕೆ ಮೊದಲೇ ಕೇಳಿಕೊಳ್ಳುವುದು ಸುಲಭ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಹಂಚು ಉಳಿಯುತ್ತದೆ, ಗುಂಡಿ ಮುಚ್ಚುತ್ತದೆ. ನಡುಗೋಡೆಯ ಮಾತನ್ನು ಸ್ನೇಹಿತರಿಗೆ ಒಪ್ಪಿಸುವುದೊಂದು ಬಾಕಿ. ಆಯಿಲ್ ಕುಡಿದ ನೆಲಕ್ಕೆ ಎಪಾಕ್ಸಿ ನಿಲ್ಲುತ್ತದೆಯೇ, ಮೇಸ್ತ್ರಿಯವರೇ?

ಉತ್ತರ: ಮುಳ್ಳೇರಿಯದ ಮೇಸ್ತ್ರಿ

ನಿಲ್ಲುವುದಿಲ್ಲ. ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕು ಅಂಚುಗಳಿಗೂ ಟೇಪು ಅಂಟಿಸಿ ನೆಲದ ಮೇಲೆ ಒಂದು ಹಗಲು ಒಂದು ರಾತ್ರಿ ಬಿಡಿ. ಅಡಿಯಲ್ಲಿ ಬೆವರು ಕಂಡರೆ ತೇವ ಕೆಳಗಿನಿಂದ ಬರುತ್ತಿದೆ, ಎಪಾಕ್ಸಿ ಅಲ್ಲಿಂದಲೇ ಏಳುತ್ತದೆ. ತೇವ ಇಲ್ಲದಿದ್ದರೂ ಎಣ್ಣೆ ಅದನ್ನು ಹಿಡಿಯಗೊಡದು. ಗ್ಯಾರೇಜಿನ ಭಾಗದಲ್ಲಿ ಹಳೆಯ ನೆಲವನ್ನು ಒಡೆದು ತೆಗೆದು, ಗುಂಡಿಯ ಮೇಲಿನ ಕಾಂಕ್ರೀಟಿನೊಂದಿಗೆ ಒಟ್ಟಿಗೇ ಪ್ಲಾಸ್ಟಿಕ್ ಹಾಳೆಯ ಮೇಲೆ ಹೊಸದಾಗಿ ಹಾಕಿಸಿ, ಬಾಗಿಲಿನ ಕಡೆಗೆ ಸ್ವಲ್ಪ ಇಳಿಜಾರು ಕೊಡಿ. ಚಾವಡಿಗೆ ಕಾವಿ (ರೆಡ್ ಆಕ್ಸೈಡ್) ನೆಲವೇ ಚೆನ್ನ. ಅದನ್ನು ತಿಕ್ಕಿ ನಯಮಾಡಬಲ್ಲವರು ಈಗ ಕಡಿಮೆ, ಮೊದಲೇ ಹೇಳಿಟ್ಟುಕೊಳ್ಳಿ. ಹಾಕಿದ ಮೇಲೆ ಒಂದು ವಾರವಾದರೂ ನೀರು ನಿಲ್ಲಿಸಬೇಕು, ಅಷ್ಟರವರೆಗೆ ಕೇರಂ ಬೋರ್ಡು ಅಂಗಳದಲ್ಲಿಯೇ ಇರಲಿ.