ಕಾಲಿಗೆ ಪಕ್ಕದ ರಾಡೋ, ಸುತ್ತ ರಿಂಗೋ? ಅನುಭವ ಇದ್ದವರು ಹೇಳಿ

ಬೇಲೂರಿನಿಂದ: ತಮ್ಮ ಬೈಕಿಂದ ಬಿದ್ದು ಮೊಣಕಾಲಿನ ಕೆಳಗಿನ ಮೂಳೆ ಚರ್ಮ ಸೀಳಿ ಹೊರಗೆ ಬಂದಿತ್ತು. ಹೊರಗಿಂದ ಒಂದೇ ಪಕ್ಕಕ್ಕೆ ರಾಡ್ ಹಾಕಿ ನಾಲ್ಕು ತಿಂಗಳಾಯ್ತು, ಕೂಡಿಲ್ಲ. ಈಗ ಅದನ್ನ ತೆಗೆದು ಕಾಲಿನ ಸುತ್ತ ಹೊರಗಿಂದ ರಿಂಗ್ ಹಾಕೋಣ ಅಂತ ಡಾಕ್ಟ್ರು ಅಂತಿದ್ದಾರೆ. ಒಪ್ಕೊಳ್ಳೋದಾ?

ಮೂಡಿಗೆರೆಯಿಂದ: ಅಕ್ಕ, ನಮ್ಮನೆಯವರಿಗೆ ಎರಡೂ ಹಾಕಿದ್ರು. ಮೆಣಸು ಕೊಯ್ಯೋವಾಗ ಏಣಿ ಜಾರಿ ಬಿದ್ದಿದ್ದು. ಪಕ್ಕದ ರಾಡ್ ಹಗುರ, ಡ್ರೆಸ್ಸಿಂಗ್ ಮಾಡೋಕೂ ಸುಲಭ, ಆದ್ರೆ ಕಾಲೂರಿ ಭಾರ ಹಾಕೋಕೆ ಬಿಡಲಿಲ್ಲ. ಆಮೇಲೆ ಕೀವಾಗಿ, ಕೆಟ್ಟ ಮೂಳೆ ತೆಗೆದಾಗ ನಾಲ್ಕು ಸೆಂಟಿಮೀಟರ್ ಖಾಲಿ ಉಳೀತು. ಅದನ್ನ ತುಂಬೋಕೇ ರಿಂಗ್ ಹಾಕಿದ್ದು.

ರಿಂಗಲ್ಲಿ ಸೈಕಲ್ ಕಡ್ಡಿಯಂಥ ಸಣ್ಣ ತಂತಿಗಳನ್ನ ಮೂಳೆಯೊಳಗಿಂದ ಆಚೆಗೆ ಹಾಯಿಸಿ ಬಿಗಿಯಾಗಿ ಎಳೆದು ರಿಂಗಿಗೆ ಕಟ್ಟಿರ್ತಾರೆ. ಅದಕ್ಕೇ ಹೆಜ್ಜೆ ಇಟ್ಟರೆ ತಡೆಯುತ್ತೆ. ಒಳ್ಳೆ ಮೂಳೆಯನ್ನ ಮೇಲ್ಗಡೆ ಕತ್ತರಿಸಿ, ಆ ತುಂಡನ್ನ ದಿನಕ್ಕೆ 1 ಮಿಲಿಮೀಟರಿನಂತೆ ಕೆಳಗೆ ಸರಿಸೋದು. ಹಿಂದೆ ಬಿಟ್ಟ ಜಾಗದಲ್ಲಿ ಹೊಸ ಮೂಳೆ ಬೆಳೆಯುತ್ತೆ. ಸೈಬೀರಿಯಾದ ಕುರ್ಗಾನಿನಲ್ಲಿದ್ದ ಡಾಕ್ಟರ್ ಇಲಿಜರೋವ್ 1950ರ ದಶಕದಲ್ಲಿ ರೂಪಿಸಿದ ವಿಧಾನ ಇದು. ಪಕ್ಕದ ರಾಡಲ್ಲೂ ಹೀಗೆ ಸರಿಸೋ ಬಗೆ ಒಂದಿದೆ, ರೈಲ್ ಅಂತಾರೆ, ಅದನ್ನೂ ಕೇಳಿ ನೋಡಿ.

ಆಪರೇಷನ್ ಆಗಿ ವಾರ ಬಿಟ್ಟು, ಆ ತುಂಡು ಸರಿಸೋಕೆ ರಿಂಗಿನ ನಟ್ ತಿರುಗಿಸೋದು ಶುರು. ತಿರುಗಿಸಿದವಳು ನಾನೇ. 10 ನಂಬರ್ ಸ್ಪ್ಯಾನರ್, ದಿನಕ್ಕೆ ನಾಲ್ಕು ಸಲ, ಸಲಕ್ಕೆ ಕಾಲು ಸುತ್ತು. ನಟ್‌ನ ಒಂದು ಮುಖಕ್ಕೆ ಕೆಂಪು ನೈಲ್ ಪಾಲಿಶ್ ಹಚ್ಚಿಟ್ಟಿದ್ದೆ. ಇಲ್ಲದಿದ್ರೆ ರಾತ್ರಿ ನಿದ್ದೆಗಣ್ಣಲ್ಲಿ ಎಷ್ಟು ತಿರುಗಿತು ಅಂತ ಗೊತ್ತಾಗ್ತಿರಲಿಲ್ಲ. 40 ದಿನ ಸರಿಸಿದ್ವಿ, ಗಟ್ಟಿಯಾಗೋಕೆ ಮತ್ತೆ ಏಳು ತಿಂಗಳು ಹಿಡೀತು. ಮನೇಲಿ ಜೊತೆಗಿರೋರು ಯಾರು ಅಂತ ಮೊದಲೇ ಗಟ್ಟಿ ಮಾಡ್ಕೊಳ್ಳಿ ಅಕ್ಕ, ಒಬ್ಬರಿಂದ ಆಗೋ ಕೆಲಸ ಅಲ್ಲ.

ತಂತಿ ಚುಚ್ಚಿದ ಜಾಗಾನೇ ದೊಡ್ಡ ತಲೆನೋವು. ನಮ್ಮ ಕಡೆ ಮಳೆಗಾಲ ಅಂದ್ರೆ ಏನೂ ಒಣಗಲ್ಲ. ಗಾಯಕ್ಕೆ ಕಟ್ಟೋ ಗಾಜ್ ಬಟ್ಟೆ ತೇವ ಆದ ಕೂಡ್ಲೇ ಬದಲಿಸಿ, ಸಲೈನಲ್ಲಿ ಒರೆಸಿ. ಅರಿಶಿನ ಹಚ್ಚಿ ಅನ್ನೋರ ಮಾತು ಕೇಳಬೇಡಿ. ಕೆಂಪಾಗಿ ನೋವು ಜಾಸ್ತಿಯಾದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ. ಪಾದ ಕೆಳಗೆ ಬಾಗಿ ಬಿಗಿದುಕೊಳ್ಳುತ್ತೆ, ಟವೆಲ್ ಹಾಕಿ ದಿನಾ ಮೇಲಕ್ಕೆ ಎಳೀಬೇಕು. ತಮ್ಮ ಬೀಡಿ ಸಿಗರೇಟು ಸೇದ್ತಿದ್ರೆ ದಯವಿಟ್ಟು ಬಿಡಿಸಿ, ಮೂಳೆ ಕೂಡೋದು ನಿಧಾನ ಆಗುತ್ತೆ.

ಅರಸೀಕೆರೆಯಿಂದ: ನನಗೆ ಪಕ್ಕದ ರಾಡ್ ಹತ್ತೇ ದಿನ ಇತ್ತು. ಗಾಯ ಹದಕ್ಕೆ ಬಂದ ಮೇಲೆ ತೆಗೆದು ಮೂಳೆಯ ಒಳಗೆ ನೇಲ್, ಅಂದ್ರೆ ಉದ್ದದ ಲೋಹದ ಕಡ್ಡಿ, ಹಾಕಿದ್ರು. ಕೀವಿರಲಿಲ್ಲ, ಮೂಳೇನೂ ಕಮ್ಮಿಯಾಗಿರಲಿಲ್ಲ. ಹಾಗಾಗಿ ಡಾಕ್ಟ್ರ ಹತ್ರ ಮೂರು ಮಾತು ಕೇಳಿ ಅಕ್ಕ: ಒಳಗೆ ಕೀವಿದೆಯಾ, ಎಷ್ಟು ಖಾಲಿ ಇದೆ, ನೇಲ್ ಯಾಕೆ ಆಗಲ್ಲ. ನನ್ನ ವಾಕರ್ ಸುಮ್ನೆ ಬಿದ್ದಿದೆ, ಬೇಕಂದ್ರೆ ಹಾಸನಕ್ಕೆ ಬರೋ ದಿನ ಹೇಳಿ, ತಂದು ಕೊಡ್ತೀನಿ.