ಅಮೆರಿಕದ ಶಾಲಾ ಕ್ರೀಡೆ ಮತ್ತು ವರ್ಣಭೇದ: ಒಂಬತ್ತನೇ ತರಗತಿಗೆ ಹೇಗೆ ಪಾಠ ಮಾಡೋದು?

ಶಿರಾ_ಸಮಾಜವಿಜ್ಞಾನ (ತುಮಕೂರು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಕ್ರೀಡಾಕೂಟ ಮುಗಿದ ವಾರದಲ್ಲಿ ಎರಡು ಪೀರಿಯಡ್ ಸೇರಿಸಿ 80 ನಿಮಿಷದ ಪಾಠ ಇಟ್ಟುಕೊಂಡಿದ್ದೇವೆ. ದೈಹಿಕ ಶಿಕ್ಷಕರೂ ಜೊತೆಗಿರ್ತಾರೆ. ವಿಷಯ, ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟದ ಕಾಲದಲ್ಲಿ ಹೈಸ್ಕೂಲ್ ಆಟದ ಮೈದಾನ. ಸದ್ಯದ ಯೋಜನೆ: ವರ್ಜೀನಿಯಾದ 1971ರ ಟೈಟನ್ಸ್ ಅನ್ನೋ ಹೈಸ್ಕೂಲ್ ಫುಟ್‌ಬಾಲ್ ತಂಡದ ಮೇಲೆ ಬಂದ 'ರಿಮೆಂಬರ್ ದ ಟೈಟನ್ಸ್' ಸಿನಿಮಾದ ತುಣುಕು ತೋರಿಸಿ, "ಆಟ ಎಲ್ಲರನ್ನೂ ಒಂದು ಮಾಡಿತು" ಅಂತ ಬೋರ್ಡ್ ಮೇಲೆ ಬರೆದು ಚರ್ಚೆ ಮಾಡಿಸೋದು. ಇಷ್ಟು ಸಾಕಾ? ಸಿನಿಮಾವನ್ನ ಎಷ್ಟು ನಂಬಬಹುದು? ಗೋಡೆಗೆ ಒಂದು ಚಾರ್ಟ್ ಕೂಡ ಆಗಬೇಕು. ಇನ್ನೊಂದು, 'ಇಂಟಿಗ್ರೇಷನ್'ಗೆ ಕನ್ನಡದಲ್ಲಿ ಏನನ್ನೋಣ? ಏಕೀಕರಣ ಅಂದರೆ ಮಕ್ಕಳು ಸೀದಾ 1956ರ ಮೈಸೂರು ರಾಜ್ಯಕ್ಕೆ ಹೋಗ್ತಾರೆ.

ಕೋಲಾರ_ಇತಿಹಾಸ

ಸರ್, ಬೋರ್ಡ್ ಮೇಲಿನ ಆ ವಾಕ್ಯ ಮೊದಲು ಅಳಿಸಿ. ಪಾಠ ಅಲ್ಲಿಂದ ಶುರುವಾದರೆ ಮಕ್ಕಳಿಗೆ ಯೋಚಿಸೋಕೆ ಏನೂ ಉಳಿಯಲ್ಲ.

ಮೊದಲು ಸಿನಿಮಾ. ಅಲೆಕ್ಸಾಂಡ್ರಿಯಾ ಊರಿನ ಟಿ.ಸಿ. ವಿಲಿಯಮ್ಸ್ ಹೈಸ್ಕೂಲಿನಲ್ಲಿ ಕಪ್ಪು, ಬಿಳಿ ಮಕ್ಕಳು 1971ರಲ್ಲಿ ಮೊದಲ ಸಲ ಒಟ್ಟಿಗೆ ಕೂತರು ಅನ್ನೋ ಭಾವನೆ ಬರುತ್ತೆ. ಅದು ತಪ್ಪು. ಆ ಶಾಲೆ 1965ರಲ್ಲಿ ಶುರುವಾದಾಗಿಂದಲೇ ಮಿಶ್ರ ಶಾಲೆ. 1971ರಲ್ಲಿ ಆಗಿದ್ದು ವಿಲೀನ: ಊರಿನ ಮೂರು ಹೈಸ್ಕೂಲುಗಳ 11 ಮತ್ತು 12ನೇ ತರಗತಿ ಮಕ್ಕಳನ್ನೆಲ್ಲ ಈ ಒಂದೇ ಶಾಲೆಗೆ ತಂದರು. ಮೂರು ತಂಡದ ಆಟಗಾರರು ಒಂದು ತಂಡಕ್ಕೆ ಪೈಪೋಟಿ ಮಾಡಿದ್ದರಿಂದ ಟೈಟನ್ಸ್ ಅಷ್ಟು ಬಲವಾಗಿತ್ತು. ಎದುರಾಳಿಗಳೆಲ್ಲ ಬರೀ ಬಿಳಿಯರ ಶಾಲೆ ಅನ್ನೋದೂ ಸಿನಿಮಾದ ಸೇರ್ಪಡೆ. ಫೈನಲ್ ಕೊನೇ ಕ್ಷಣದ ಗೆಲುವಲ್ಲ, ಆಂಡ್ರೂ ಲೂಯಿಸ್ ಶಾಲೆಯನ್ನ 27–0 ಅಂತರದಲ್ಲಿ ಸೋಲಿಸಿದ್ದರು. ಇಡೀ ಸೀಸನ್ 13ಕ್ಕೆ 13 ಗೆಲುವು. ನಾಯಕ ಬರ್ಟಿಯರ್‌ನ ಕಾರ್ ಅಪಘಾತವನ್ನ ಫೈನಲ್‌ಗೆ ಮುಂಚೆ ತೋರಿಸ್ತಾರೆ, ನಿಜಕ್ಕೆ ಅದು ಸೀಸನ್ ಮುಗಿದ ಮೇಲೆ. ನಿಜವಾದ ಗಂಟು ಇದ್ದಿದ್ದು ಕೋಚ್ ನೇಮಕದಲ್ಲಿ. ವಿಲೀನವಾದ ಹ್ಯಾಮಂಡ್ ಶಾಲೆಯ ಅನುಭವಿ ಬಿಳಿ ಕೋಚ್ ಬಿಲ್ ಯೋಸ್ಟ್ ಇದ್ದಾಗಲೂ ಮುಖ್ಯ ಕೋಚ್ ಮಾಡಿದ್ದು ಕಪ್ಪು ಜನಾಂಗದ ಹರ್ಮನ್ ಬೂನ್ ಅವರನ್ನ.

ಸಿನಿಮಾ ಹೇಳದೆ ಬಿಟ್ಟಿದ್ದು ಪಾರ್ಕರ್-ಗ್ರೇ. ಅದೇ ಊರಿನ ಕಪ್ಪು ಮಕ್ಕಳ ಹೈಸ್ಕೂಲು. 1965ರಲ್ಲಿ ಅದರ ಹೈಸ್ಕೂಲ್ ವಿಭಾಗವನ್ನೇ ಮುಚ್ಚಿದರು. ಟೈಟನ್ಸ್ ಕತೆ ಹೇಳೋರು ಇಲ್ಲಿಂದ ಶುರು ಮಾಡಬೇಕು ಅಂತ ನನ್ನ ಬಲವಾದ ಅಭಿಪ್ರಾಯ.

ಇನ್ನು ಬೇರೆ ಮೂರು ಪ್ರಸಂಗ. ಇಂಡಿಯಾನಾಪೊಲಿಸ್‌ನ ಕ್ರಿಸ್ಪಸ್ ಅಟಕ್ಸ್ ಹೈಸ್ಕೂಲು, 1927ರಲ್ಲಿ ಕಪ್ಪು ಮಕ್ಕಳಿಗೆಂದೇ ಕಟ್ಟಿದ್ದು. ರಾಜ್ಯದ ಕ್ರೀಡಾ ಸಂಘ 1942ರವರೆಗೆ ಇಂಥ ಶಾಲೆಗಳನ್ನ ಟೂರ್ನಿಗೇ ಸೇರಿಸಿರಲಿಲ್ಲ. ದೊಡ್ಡ ಪಂದ್ಯ ನಡೆಸುವಂಥ ಒಳಾಂಗಣ ಕ್ರೀಡಾಂಗಣ ಕೂಡ ಶಾಲೆಗೆ ಇರಲಿಲ್ಲ. ಆದರೂ ರೇ ಕ್ರೋ ಕೋಚಿಂಗ್‌ನಲ್ಲಿ, ಆಸ್ಕರ್ ರಾಬರ್ಟ್‌ಸನ್ ಆಟದಲ್ಲಿ, 1955ರಲ್ಲಿ ರಾಜ್ಯ ಬ್ಯಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದರು. ಎಲ್ಲರಿಗೂ ತೆರೆದ ರಾಜ್ಯ ಟೂರ್ನಿ ಗೆದ್ದ ದೇಶದ ಮೊದಲ ಕಪ್ಪು ಶಾಲೆ ಅದು. ಮೆರವಣಿಗೆಯನ್ನ ಮಾತ್ರ ಊರ ನಡುವಿನ ವೃತ್ತದಲ್ಲಿ ನಿಲ್ಲಿಸಲಿಲ್ಲ, ಒಂದು ಸುತ್ತು ಹಾಕಿಸಿ ಕಪ್ಪು ಜನರ ಬಡಾವಣೆಯ ಪಾರ್ಕಿಗೆ ಕಳಿಸಿದರು. ಮರುವರ್ಷ ಒಂದೂ ಪಂದ್ಯ ಸೋಲದೆ ಮತ್ತೆ ಗೆದ್ದರು.

ಎರಡನೇದು ಅರ್ಕಾನ್ಸಾ ರಾಜ್ಯದ ಲಿಟಲ್ ರಾಕ್ ಊರು. 1957ರಲ್ಲಿ ಸೆಂಟ್ರಲ್ ಹೈಸ್ಕೂಲಿಗೆ ಸೈನ್ಯದ ಕಾವಲಿನಲ್ಲಿ ಸೇರಿದ ಒಂಬತ್ತು ಕಪ್ಪು ಮಕ್ಕಳನ್ನ ಆಟ, ಸಂಗೀತ, ನಾಟಕ ಯಾವುದಕ್ಕೂ ಸೇರಿಸಿಕೊಳ್ಳಲಿಲ್ಲ. 1958–59ರಲ್ಲಿ ಕಪ್ಪು, ಬಿಳಿ ಮಕ್ಕಳು ಒಟ್ಟಿಗೆ ಓದೋದನ್ನ ತಡೆಯೋಕೆ ಊರಿನ ಹೈಸ್ಕೂಲುಗಳನ್ನೇ ಮುಚ್ಚಿದರು, 3,665 ಮಕ್ಕಳಿಗೆ ಪಾಠ ಇಲ್ಲ. ಆದರೆ ಸೆಂಟ್ರಲ್‌ನ ಫುಟ್‌ಬಾಲ್ ತಂಡ ಆ ವರ್ಷವೂ ಪಂದ್ಯ ಆಡಿತು! ಇದೊಂದನ್ನ ಹೇಳಿ ಎರಡು ನಿಮಿಷ ಸುಮ್ಮನಿರಿ, ಪ್ರಶ್ನೆಗಳು ತಾವಾಗೇ ಬರ್ತವೆ.

ಮೂರನೇದು ನ್ಯಾಶ್‌ವಿಲ್‌ನ ಪರ್ಲ್ ಹೈಸ್ಕೂಲು. ಟೆನೆಸ್ಸಿಯಲ್ಲಿ ಎಲ್ಲ ಶಾಲೆಗಳೂ ಸೇರಿ ಆಡಿದ ಮೊದಲ ರಾಜ್ಯ ಟೂರ್ನಿಯನ್ನ 1966ರಲ್ಲಿ ಗೆದ್ದಿದ್ದು ಇದೇ ಕಪ್ಪು ಮಕ್ಕಳ ಶಾಲೆ.

ಗೌರಿಬಿದನೂರು_ಪಿಇ

ಮೇಡಂ ಹೇಳಿದ್ದಕ್ಕೆ ತರಗತಿಯ ಕಡೆಯಿಂದ ಸೇರಿಸ್ತೀನಿ.

ಶುರುವಿನಲ್ಲೇ ಎರಡು ಗೊಂದಲ ಬಿಡಿಸಿ. ಅವರ ಫುಟ್‌ಬಾಲ್ ನಮ್ಮದಲ್ಲ. ಮೊಟ್ಟೆಯಾಕಾರದ ಚೆಂಡು, ಹೆಲ್ಮೆಟ್, ಕೈಯಲ್ಲಿ ಹಿಡಿದು ಓಡುವ ಆಟ. ಅವರ ಹೈಸ್ಕೂಲಿಗೆ ಸಾಮಾನ್ಯವಾಗಿ 12ನೇ ತರಗತಿವರೆಗೂ ಸೇರುತ್ತೆ, ಅಂದರೆ ಟೈಟನ್ಸ್ ಆಟಗಾರರು ನಮ್ಮ ಲೆಕ್ಕದಲ್ಲಿ ಪಿಯುಸಿ ಹುಡುಗರು. 'ಇಂಟಿಗ್ರೇಷನ್'ಗೆ 'ಕೂಡಿಕಲಿಕೆ', ಎರಡು ಶಾಲೆ ಒಂದಾಗಿದ್ದಕ್ಕೆ 'ವಿಲೀನ'. ಊರ ಶಾಲೆ ಪಕ್ಕದೂರಿಗೆ ವಿಲೀನ ಅಂದರೆ ಏನು ಅಂತ ನಮ್ಮ ಕಡೆ ಮಕ್ಕಳಿಗೆ ವಿವರಿಸಬೇಕಿಲ್ಲ. 'ನೀಗ್ರೋ' ಪದ ಹಳೇ ಪುಸ್ತಕದಲ್ಲಿದ್ದರೂ ಬೋರ್ಡಿಗೆ ಬೇಡ.

ಚಾರ್ಟ್: 1950ರಿಂದ 1972, ವರ್ಷಕ್ಕೆ 10 ಸೆಂ.ಮೀ. ಒಟ್ಟು 220 ಸೆಂ.ಮೀ. ದೊಡ್ಡ ಡ್ರಾಯಿಂಗ್ ಶೀಟ್ ಉದ್ದ 71 ಸೆಂ.ಮೀ., ಮೂರು ಹಾಳೆ ಸಾಲಲ್ಲ, ನಾಲ್ಕು ತನ್ನಿ. ಅಡ್ಡಗೆರೆಯ ಮೇಲ್ಭಾಗದಲ್ಲಿ ನ್ಯಾಯಾಲಯದ ತೀರ್ಪುಗಳು, ಕೆಳಭಾಗದಲ್ಲಿ ಮೈದಾನದ ಘಟನೆಗಳು. ವರ್ಷದ ಗುರುತು ಮೊದಲು ಸ್ಕೇಲಿನಲ್ಲಿ ಹಾಕಿಸಿ, ಆಮೇಲೆ ಬರೆಸಿ. ಇಲ್ಲದಿದ್ದರೆ ಮಕ್ಕಳು ಘಟನೆಗಳನ್ನ ಸಮ ಅಂತರದಲ್ಲಿ ಅಂದವಾಗಿ ಜೋಡಿಸ್ತಾರೆ. ಮೇಲೆ, ಕಪ್ಪು-ಬಿಳಿ ಮಕ್ಕಳಿಗೆ ಬೇರೆ ಬೇರೆ ಸರ್ಕಾರಿ ಶಾಲೆ ಇಡೋದು ಸಂವಿಧಾನಕ್ಕೆ ವಿರುದ್ಧ ಅಂದ ಸುಪ್ರೀಂ ಕೋರ್ಟಿನ 1954ರ ತೀರ್ಪಿಗೂ ಕೆಳಗೆ ಟೆನೆಸ್ಸಿಯ 1966ಕ್ಕೂ ನಡುವೆ 120 ಸೆಂ.ಮೀ. ದೂರ ಕಾಣಬೇಕು. ಚಾರ್ಟ್ ಮಾಡೋದೇ ಅದಕ್ಕೆ.

ಒಂದು ಎಚ್ಚರಿಕೆ: "ನೀನು ಕಪ್ಪು, ನೀನು ಬಿಳಿ" ಅಂತ ಪಾತ್ರ ಹಂಚಬೇಡಿ. ಯಾರಿಗೆ ಯಾವ ಪಾತ್ರ ಬಂತು ಅನ್ನೋದನ್ನ ಮಕ್ಕಳು ಅವರವರ ಕೇರಿ, ಜಾತಿ ಜೊತೆ ತಾಳೆ ಹಾಕ್ತಾರೆ, ಆ ಹೆಸರು ಮೈದಾನದಲ್ಲೂ ಅಂಟಿಕೊಳ್ಳುತ್ತೆ.

ಶಿರಾ_ಸಮಾಜವಿಜ್ಞಾನ

ತುಂಬಾ ಉಪಕಾರ ಆಯ್ತು ಇಬ್ಬರಿಗೂ. ಆ 120 ಸೆಂ.ಮೀ. ದೂರ ಯಾಕೆ ಅಂತ ಮಕ್ಕಳು ಕೇಳಿದರೆ? ಪಾತ್ರ ಹಂಚದೆ ಏನು ಮಾಡಿಸಲಿ?

ಕೋಲಾರ_ಇತಿಹಾಸ

ಮುಖ್ಯವಾಗಿ ಎರಡು ಕಾರಣ. 1955ರ ಎರಡನೇ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಗಡುವು ಹಾಕಲಿಲ್ಲ, ದಕ್ಷಿಣದ ರಾಜ್ಯಗಳು ಎಳೆದಾಡಿದವು. 1968ರ ಗ್ರೀನ್, 1969ರ ಅಲೆಕ್ಸಾಂಡರ್ ಪ್ರಕರಣದ ತೀರ್ಪುಗಳು ಬಂದ ಮೇಲೆ "ಈಗಲೇ" ಅನ್ನೋದು ಖಚಿತವಾಯ್ತು. ಎರಡನೇ ಕಾರಣ ಕ್ರೀಡಾ ಸಂಘಗಳು. ನಮ್ಮಲ್ಲಿ ಹೋಬಳಿ, ತಾಲ್ಲೂಕು, ಜಿಲ್ಲೆ ಅಂತ ಇಲಾಖೆಯೇ ಕೂಟ ನಡೆಸುತ್ತೆ. ಅಲ್ಲಿ ರಾಜ್ಯಕ್ಕೊಂದು ಶಾಲೆಗಳ ಸಂಘ, ದಕ್ಷಿಣದಲ್ಲಿ ಬಿಳಿಯರಿಗೊಂದು ಕಪ್ಪು ಜನರಿಗೊಂದು. ಟೆಕ್ಸಾಸ್‌ನ ಸಂಘ ಕಪ್ಪು ಶಾಲೆಗಳಿಗೆ ಬಾಗಿಲು ತೆರೆದಿದ್ದು 1967ರಲ್ಲಿ. ಕಪ್ಪು ಶಾಲೆಗಳ ಪ್ರೈರೀ ವ್ಯೂ ಲೀಗ್ 1970ಕ್ಕೆ ಮುಗಿಯಿತು. ಲೂಸಿಯಾನಾದಲ್ಲಿ ಕಪ್ಪು ಮಕ್ಕಳ ಸೇಂಟ್ ಆಗಸ್ಟಿನ್ ಶಾಲೆ ಸಂಘಕ್ಕೆ ಸೇರೋಕೆ ಕೋರ್ಟಿಗೇ ಹೋಗಬೇಕಾಯ್ತು. ಸರ್ಕಾರಿ ಶಾಲೆಗಳೇ ತುಂಬಿರುವ ಸಂಘಕ್ಕೂ ಸಂವಿಧಾನ ಅನ್ವಯಿಸುತ್ತೆ ಅಂತ 1967ರಲ್ಲಿ ತೀರ್ಪಾಯ್ತು. ಮಕ್ಕಳಿಗೆ ಹೇಳಬೇಕಾದ್ದು: ಪಂದ್ಯದ ಪಟ್ಟಿ ಯಾರ ಕೈಯಲ್ಲಿತ್ತು ನೋಡಿ.

ಗೌರಿಬಿದನೂರು_ಪಿಇ

ಚಟುವಟಿಕೆ ಹೀಗೆ ಮಾಡಿ. ಐದೈದು ಮಕ್ಕಳ ಗುಂಪು, ಪ್ರತಿ ಗುಂಪೂ ಒಂದು ವಿಲೀನ ಸಮಿತಿ. ಊರಿನ ಎರಡು ಶಾಲೆ ಒಂದಾಗ್ತಿವೆ, ಎ ಮತ್ತು ಬಿ ಅಂದರೆ ಸಾಕು. ಆರು ಚೀಟಿ ಕೊಡಿ: ಶಾಲೆಯ ಹೆಸರು, ಜೆರ್ಸಿ ಬಣ್ಣ, ಮುಖ್ಯ ಕೋಚ್, ಹೆಡ್‌ಮಾಸ್ಟರ್, ಯಾವ ಕಟ್ಟಡ, ಹಳೇ ಕಪ್‌ಗಳ ಬೀರು. ಪ್ರತಿಯೊಂದಕ್ಕೂ ಎ, ಬಿ, ಅಥವಾ ಹೊಸದು ಅಂತ ಕಾರಣದ ಜೊತೆ ಬರೆಯಲಿ. 15 ನಿಮಿಷ ಕೊಡಿ. ಹತ್ತಕ್ಕೆ ನಿಲ್ಲಿಸಿದರೆ ಬಣ್ಣದ ಜಗಳವೇ ಮುಗಿದಿರಲ್ಲ. ಹೆಚ್ಚಿನ ಗುಂಪು ಮೂರು-ಮೂರು ಹಂಚಿಕೊಂಡು ಬರ್ತವೆ.

ಆಮೇಲೆ ದಕ್ಷಿಣದಲ್ಲಿ ಬಹಳ ಕಡೆ ನಿಜಕ್ಕೂ ಆಗಿದ್ದನ್ನ ಹೇಳಿ. ಮುಚ್ಚಿದ್ದು ಕಪ್ಪು ಮಕ್ಕಳ ಶಾಲೆ. ಹೆಸರು, ಬಣ್ಣ ಬಿಳಿಯರ ಶಾಲೆಯದ್ದೇ ಉಳಿಯಿತು. ಕಪ್ಪು ಹೆಡ್‌ಮಾಸ್ಟರ್ ಕೆಳಗಿನ ಹುದ್ದೆಗೆ ಇಳಿದರು, ಕೋಚ್ ಸಹಾಯಕರಾದರು, ಎಷ್ಟೋ ಜನ ಕೆಲಸವನ್ನೇ ಕಳಕೊಂಡರು. ಕಪ್‌ಗಳು ಸ್ಟೋರ್ ರೂಮಿಗೋ ಕಸಕ್ಕೋ ಹೋದವು. ಬೂನ್ ಅವರ ನೇಮಕ ಯಾಕೆ ಅಷ್ಟು ದೊಡ್ಡ ಸುದ್ದಿ ಅನ್ನೋದು ಆಗ ಗೊತ್ತಾಗುತ್ತೆ. ಸಿನಿಮಾ ತುಣುಕು ತೋರಿಸೋದಿದ್ದರೆ ಇದಾದ ಮೇಲೆ ತೋರಿಸಿ, ಕೊನೇ 12 ನಿಮಿಷ.