ಸಂಘಕ್ಕೆ ಸೇರಿದ ಹೊಸ ವಕೀಲರು ಬಾರ್ ರೂಮಿಗೇ ಬರುತ್ತಿಲ್ಲ, ಏನು ಮಾಡೋಣ?

ಜಂಟಿ ಕಾರ್ಯದರ್ಶಿ, ತಾಲ್ಲೂಕು ವಕೀಲರ ಸಂಘ:

ಎಲ್ಲರಿಗೂ ನಮಸ್ಕಾರ. ನಮ್ಮದು ತಾಲ್ಲೂಕು ಕೋರ್ಟು. ಸಂಘದಲ್ಲಿ 70 ಚಿಲ್ಲರೆ ಜನ ಇದ್ದೇವೆ. ಈ ವರ್ಷ 9 ಮಂದಿ ಹೊಸಬರು ಸೇರಿದರು. ಹಾರ ಹಾಕಿದೆವು, ಫೋಟೊ ತೆಗೆಸಿದೆವು, ಕಾಫಿ ಕೊಟ್ಟೆವು. ಅಷ್ಟೇ. ಈಗ ಬಾರ್ ರೂಮಿನ ಕಡೆ, ಅಂದರೆ ಕೋರ್ಟಿನಲ್ಲಿ ವಕೀಲರು ಕೂರುವ ಕೋಣೆಯ ಕಡೆ, ಬರುವವರು ಮೂವರು ಮಾತ್ರ.

ಹೋದ ತಿಂಗಳು ಗೊತ್ತಾದ ಒಂದು ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ. ಆ ಹೊಸಬರಲ್ಲಿ ಒಬ್ಬ ಹುಡುಗಿ ದಿನಾ ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಕೂತು ಡಬ್ಬಿ ಊಟ ಮಾಡುತ್ತಾಳೆ. ಯಾಕಮ್ಮಾ ಅಂದೆ. "ಒಳಗೆ ಒಂದೊಂದು ಕುರ್ಚಿಯೂ ಒಬ್ಬೊಬ್ಬರದು ಸರ್. ಎರಡು ಸಲ ಎಬ್ಬಿಸಿದರು. ಆಮೇಲೆ ಹೋಗಲಿಲ್ಲ" ಅಂದಳು. ನಾನೇ 19 ವರ್ಷದಿಂದ ಕಿಟಕಿ ಪಕ್ಕದ ಅದೇ ಕುರ್ಚಿಯಲ್ಲಿ ಕೂರುತ್ತಿದ್ದೇನೆ. ಬೇರೆಯವರಿಗೆ ಬೇಕಿರಬಹುದು ಅಂತ ಒಂದು ದಿನವೂ ಹೊಳೆದಿರಲಿಲ್ಲ.

ಇವರಲ್ಲಿ ಜಾಸ್ತಿ ಜನರ ಮನೆಯಲ್ಲಿ ವಕೀಲರೇ ಇಲ್ಲ. ಸೀನಿಯರ್ ಆಫೀಸಿನಲ್ಲಿ ಸಿಗುವುದು ಪೆಟ್ರೋಲ್ ಖರ್ಚು. 2 ವರ್ಷದೊಳಗೆ ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗುವ ಚಿಂತೆ ಬೇರೆ. ಸಂಘ ತಮ್ಮದು ಅಂತ ಇವರಿಗೆ ಅನ್ನಿಸಬೇಕಾದರೆ ಏನು ಮಾಡಬೇಕು? ನಿಮ್ಮೂರಲ್ಲಿ ಮಾಡಿ ನೋಡಿದ್ದನ್ನು ಹೇಳಿ. ಇನ್ನೊಂದು ಸಮಾರಂಭ ಬೇಡ.

ಮೂರನೇ ವರ್ಷದ ಜೂನಿಯರ್:

ಸರ್, ಆ ಹುಡುಗಿಯ ಹಾಗೇ ನಾನೂ ಇದ್ದೆ. ಕಾಲೇಜಿನಲ್ಲಿ ಸಂವಿಧಾನ ಓದಿದ್ದೆ, ಸರ್ಟಿಫೈಡ್ ಕಾಪಿಗೆ, ಅಂದರೆ ಕೋರ್ಟು ದೃಢೀಕರಿಸಿದ ನಕಲಿಗೆ, ಅರ್ಜಿ ಎಲ್ಲಿ ಕೊಡಬೇಕು ಅಂತ ಗೊತ್ತಿರಲಿಲ್ಲ. ಸೀನಿಯರ್ ಬೇರೆ ಹಾಲಿನಲ್ಲಿದ್ದಾಗ ಎದ್ದು ನಿಂತು ಪಾಸ್ ಓವರ್, ಅಂದರೆ ಕೇಸನ್ನು ಸ್ವಲ್ಪ ಹೊತ್ತು ಬಿಟ್ಟು ಕರೆಯಿರಿ ಅಂತ, ಕೇಳುವುದಕ್ಕೇ ಕಾಲು ನಡುಗುತ್ತಿತ್ತು.

ಒಂದು ದಿನ ಒಬ್ಬ ಮೇಡಂ ತಾವಾಗಿಯೇ ಕರೆದುಕೊಂಡು ಹೋಗಿ ಕಾಪಿ ಸೆಕ್ಷನ್, ಫೈಲಿಂಗ್ ಕೌಂಟರ್ ಎಲ್ಲಾ ತೋರಿಸಿದರು. ಹೋದಲ್ಲೆಲ್ಲ ನನ್ನ ಹೆಸರು ಹೇಳಿ, "ಇವರು ನಮ್ಮ ಹೊಸ ವಕೀಲರು" ಅಂದರು. ಅರ್ಧ ಗಂಟೆ ಕೆಲಸ. ಮಾರನೇ ದಿನ ಶಿರಸ್ತೇದಾರರು ಹೆಸರು ಹಿಡಿದು ಮಾತಾಡಿಸಿದಾಗ ನನಗೆ ಎಷ್ಟು ಧೈರ್ಯ ಬಂತು ಗೊತ್ತಾ?

ಇನ್ನೊಂದು. ಹೆಂಗಸರ ಶೌಚಾಲಯಕ್ಕೆ ಒಳಗಿನಿಂದ ಚಿಲಕ ಇದೆಯಾ ನೋಡಿ. ಇದನ್ನು ನಿಮ್ಮ ಹತ್ತಿರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

31 ವರ್ಷದ ಪ್ರಾಕ್ಟೀಸ್, ಮಲೆನಾಡು:

ಹೊಸಬರಿಗೆ ಕಲಿಸುವುದು ಸರಿ. ಅವರಿಂದ ಕಲಿಯಿರಿ ಕೂಡ. 2024ರ ಜುಲೈ 1ರಿಂದ ಹೊಸ ಮೂರು ಕ್ರಿಮಿನಲ್ ಕಾನೂನು ಬಂದವಲ್ಲ, ಆಗ ನಮಗೆ ಈ ದಾರಿ ಸಿಕ್ಕಿತು. ವಂಚನೆ ಅಂದರೆ ನಮ್ಮ ಬಾಯಲ್ಲಿ ಇನ್ನೂ ಹಳೆಯ ದಂಡ ಸಂಹಿತೆಯ ಸೆಕ್ಷನ್ 420. ಅದರ ಬದಲು ಬಂದ ನ್ಯಾಯ ಸಂಹಿತೆಯಲ್ಲಿ ಅದು 318(4). ನಿರೀಕ್ಷಣಾ ಜಾಮೀನು, ಅಂದರೆ ಬಂಧನಕ್ಕೆ ಮೊದಲೇ ಪಡೆಯುವ ಜಾಮೀನು, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 438 ಇದ್ದದ್ದು ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 482 ಆಗಿದೆ. ಹಳೆಯ 482 ಅಂದರೆ ಹೈಕೋರ್ಟಿನಲ್ಲಿ ಕೇಸು ರದ್ದು ಮಾಡಿಸುವುದು, ಅದೀಗ 528. ತಲೆ ಕೆಡದೆ ಇರುತ್ತದೆಯೇ?

ಇಬ್ಬರು ಹೊಸ ಹುಡುಗರಿಗೆ ಹೇಳಿದೆವು. ಹಳೆಯ ಸೆಕ್ಷನ್ನಿನ ಎದುರು ಹೊಸದನ್ನು ಬರೆದು, ಕೆಳಗೆ ತಮ್ಮ ಹೆಸರು ಹಾಕಿ, ಪಟ್ಟಿಯನ್ನು ಬಾರ್ ರೂಮಿನಲ್ಲಿ ತೂಗು ಹಾಕಿದರು. ಶುಕ್ರವಾರ ಕೋರ್ಟು ಮುಗಿದ ಮೇಲೆ ಅರ್ಧ ಗಂಟೆ ಪಾಠ. ಮೊದಲ ವಾರ ಬಂದವರು ನಾಲ್ಕೇ ಜನ. ನಾನು ಮುಂದಿನ ಸಾಲಿನಲ್ಲಿ ನೋಟ್ ಬುಕ್ ಹಿಡಿದು ಕೂತೆ. ಹಿರಿಯರು ಕೂತರೆ ಉಳಿದವರೂ ಬರುತ್ತಾರೆ. ಈಗ "ಬಾರಪ್ಪಾ, ಈ ಸೆಕ್ಷನ್ ಸರಿಯಾ ನೋಡು" ಅಂತ ಸೀನಿಯರ್‌ಗಳೇ ಕರೆಯುತ್ತಾರೆ.

ನವೆಂಬರ್ 9ರ ಕಾನೂನು ಸೇವೆಗಳ ದಿನಕ್ಕೆ ಹೈಸ್ಕೂಲಿನಲ್ಲಿ ಮಾತಾಡಲು ಒಬ್ಬ ಹಿರಿಯರು, ಒಬ್ಬ ಹೊಸಬರು ಅಂತ ಮಾಡಿಕೊಂಡೆವು. ಒಬ್ಬ ಹುಡುಗ ಹತ್ತು ನಿಮಿಷ ಉಚಿತ ಕಾನೂನು ನೆರವಿನ ಬಗ್ಗೆ ಹೇಳಿದ. ಹೆಂಗಸರಿಗೆ ಅದು ಸಿಗಲು ಆದಾಯದ ಮಿತಿಯೇ ಇಲ್ಲ ಅಂದಾಗ ಅಡುಗೆಯ ಅಕ್ಕಂದಿರೂ ಬಾಗಿಲಿಗೆ ಬಂದು ನಿಂತರು. ಅವನ ಹೆಸರಿದ್ದ ಆಹ್ವಾನ ಪತ್ರಿಕೆಯನ್ನು ಅವರಮ್ಮ ದೇವರ ಫೋಟೊ ಪಕ್ಕ ಇಟ್ಟಿದ್ದಾರೆ.

ಬಯಲುಸೀಮೆ ವಕೀಲ:

ಮೇಲಿನವರ ಮಾತು ಒಪ್ಪುತ್ತೇನೆ. ಒಂದು ಎಚ್ಚರಿಕೆ. ಡಿಸೆಂಬರ್ 3ರ ವಕೀಲರ ದಿನಕ್ಕೆ ಕುರ್ಚಿ ಹಾಕಿಸುವುದು, ಊಟ ಬಡಿಸುವುದು ಮಾತ್ರ ಹೊಸಬರ ಪಾಲಿಗೆ ಬರಬಾರದು. ಲೈಬ್ರರಿಗೆ ಯಾವ ಪುಸ್ತಕ ತರಿಸಬೇಕು ಅಂತ ಅವರನ್ನೂ ಕೇಳಿ, ಕೇಳಿದ್ದನ್ನು ತರಿಸಿ.

ಜಂಟಿ ಕಾರ್ಯದರ್ಶಿ:

ಎಲ್ಲರಿಗೂ ಧನ್ಯವಾದ. ಇವತ್ತು ಹೋಗಿ ನೋಡಿದೆ, ಚಿಲಕ ಇರಲಿಲ್ಲ. ನಾಳೆ ಬಡಗಿ ಬರುತ್ತಾನೆ. ನನ್ನ ಕುರ್ಚಿ ಇದ್ದ ಕಡೆ ಉದ್ದದ ಬೆಂಚು, ಮೇಜು ಹಾಕಿಸಲು ಅಧ್ಯಕ್ಷರು ಒಪ್ಪಿದ್ದಾರೆ. ಸೋಮವಾರ ನಾನೂ ಡಬ್ಬಿ ತರುತ್ತೇನೆ, ಆ ಹುಡುಗಿಗೂ ಬಾಮ್ಮಾ ಅಂತ ಹೇಳಿದ್ದೇನೆ. ಮಲೆನಾಡಿನ ಸರ್, ಆ ಸೆಕ್ಷನ್ ಪಟ್ಟಿಯ ಫೋಟೊ ಹಾಕುತ್ತೀರಾ?